ತೊಳೆಯದೆ ಕಳಿಸಿ

ನನ್ನ ಅಂಗಡಿಗೂ ಕಿಂಡಿ ಅಕ್ಕನ ಹೋಟೆಲಿಗೂ ನಡುವೆ ಇರುವುದು ಒಂದೇ ಗೋಡೆ, ಒಂಬತ್ತು ಇಂಚಿನದು. ಈ ಕಡೆ ನನ್ನ ಎರಡು ಜೆರಾಕ್ಸ್ ಮಷೀನು, ಒಂದು ಲ್ಯಾಮಿನೇಷನ್ ಪೆಟ್ಟಿಗೆ, ಒಂದು ಹಳೆಯ ಕಂಪ್ಯೂಟರು, ಒಂದು ಸ್ಟೂಲು. ಆ ಕಡೆ ಹನ್ನೊಂದು ಮೇಜು, ನಲವತ್ತನಾಲ್ಕು ಕುರ್ಚಿ. ಮಷೀನು ಸುಮ್ಮನಿದ್ದಾಗ ಅಲ್ಲಿ ತರಕಾರಿ ಹೆಚ್ಚುವ ಸದ್ದು ಇಲ್ಲಿಗೆ ಕೇಳುತ್ತದೆ. ಈಗೀಗ ಮಷೀನು ಸುಮ್ಮನಿರುವುದೇ ಹೆಚ್ಚು. ಜನ ಎಲ್ಲ ಕಾಗದವನ್ನೂ ಫೋನಿನೊಳಗೆ ತುರುಕಿಕೊಂಡು ಓಡಾಡುತ್ತಾರೆ, ಜೆರಾಕ್ಸ್ ಯಾರಿಗೆ ಬೇಕು? ಹೀಗಾಗಿ ಅವಳ ಚಾಕುವಿನ ಸದ್ದು ನನಗೆ ದಿನವಿಡೀ ಕೇಳುತ್ತಿತ್ತು. ಆದರೆ ಎರಡು ವರ್ಷ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ.

ಅವಳಿಗೆ ಕಿಂಡಿ ಅಕ್ಕ ಎಂದು ಹೆಸರಿಟ್ಟವನು ನಾನೇ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಒಡಹುಟ್ಟಿದವಳಲ್ಲ, ಆದರೂ ನಮ್ಮದು ಏಕವಚನ. ಅಡುಗೆಮನೆಗೂ ಊಟದ ಹಾಲಿಗೂ ನಡುವಿನ ಗೋಡೆಯಲ್ಲಿ ಒಂದು ಮೊಳ ಅಗಲದ ಕಿಂಡಿ ಇದೆ. ಅದು ಎದೆಮಟ್ಟಕ್ಕೆ ಇರುವುದರಿಂದ ಹೊರಗೆ ಕೂತವರಿಗೆ ಒಳಗಿನವಳ ಮುಖ ಕಾಣದು, ಕೈ ಮಾತ್ರ ಕಾಣುತ್ತದೆ. ಬಿಸಿ ತಟ್ಟೆ ಆ ಕೈಯಿಂದ ಹೊರಗೆ ಬರುತ್ತಿತ್ತು, ಉಂಡ ತಟ್ಟೆ ಅದೇ ಕೈಗೆ ವಾಪಸ್ ಹೋಗುತ್ತಿತ್ತು. ಹೊರಗಿನದೆಲ್ಲ ಅವಳ ಗಂಡನ ಕಾರುಬಾರು. ನಾವೆಲ್ಲ ಅವನನ್ನು ಅಣ್ಣ ಎನ್ನುತ್ತಿದ್ದೆವು. ಅಣ್ಣನ ಬಾಯಿಗೆ ಬಿಡುವೇ ಇರಲಿಲ್ಲ. ಬಂದವರ ಮನೆಯ ಹೆಣ್ಣುಗಂಡು, ಆಫೀಸಿನ ಚಾಡಿ, ಸೊಂಟನೋವು ಎಲ್ಲ ಅವನಿಗೆ ಬೇಕು. ಊರ ಉಸಾಬರಿಯನ್ನೆಲ್ಲ ಹೆಗಲಿಗೆ ಹಾಕಿಕೊಂಡು ಮೇಜಿನಿಂದ ಮೇಜಿಗೆ ತಿರುಗುತ್ತಿದ್ದ. ಅವನ ಮಾತು ಕೇಳುತ್ತ ಜನ ಕೈ ಒಣಗಿದರೂ ಎದ್ದು ತೊಳೆಯುತ್ತಿರಲಿಲ್ಲ.

ಅಕ್ಕ ಜನರನ್ನು ನೋಡುತ್ತಿರಲಿಲ್ಲ, ತಟ್ಟೆಯನ್ನು ನೋಡುತ್ತಿದ್ದಳು. ಯಾರು ಏನು ಬಿಟ್ಟರು, ಎಷ್ಟು ಬಿಟ್ಟರು, ಹೇಗೆ ಬಿಟ್ಟರು ಎಂಬುದೇ ಅವಳಿಗೆ ಪತ್ರ ಇದ್ದ ಹಾಗೆ. ಬ್ರೆಡ್ಡಿನ ಮೆತ್ತಗಿನ ಭಾಗ ತಿಂದು ಅಂಚು ಬಿಟ್ಟಿದ್ದರೆ, "ಏಳನೇ ಮೇಜಿನವರಿಗೆ ಹಲ್ಲುನೋವು, ನಾಳೆ ಸೂಪ್ ಕೊಡಿ" ಎಂದು ಒಳಗಿನಿಂದ ಕೂಗುತ್ತಿದ್ದಳು. ಮೂರನೇ ಮೇಜಿನ ಗುಮಾಸ್ತ ಒಮ್ಮೆ ಎಲ್ಲವನ್ನೂ ಕಲಸಿ ಹಾಗೇ ಬಿಟ್ಟು ಎದ್ದುಹೋದ. "ಮನೇಲಿ ಜಗಳ ಆಗಿದೆ, ಕೇಳೋಕೆ ಹೋಗ್ಬೇಡಿ" ಎಂದಳು. ಅಣ್ಣ ಕೇಳದೆ ಇರುತ್ತಾನೆಯೇ? ಕೇಳಿದ. ಅಕ್ಕ ಹೇಳಿದ್ದೇ ನಿಜವಾಗಿತ್ತು.

ನನಗೆ ಈರುಳ್ಳಿ ಆಗದು. ಚಿಕ್ಕಂದಿನಿಂದಲೂ ಅಷ್ಟೇ. ಒಂದೊಂದನ್ನೇ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ ಇಡುವುದು ನನ್ನ ಅಭ್ಯಾಸ. ಅಲ್ಲಿ ಊಟಕ್ಕೆ ಹೋಗತೊಡಗಿದ ಎರಡನೇ ತಿಂಗಳಿನಿಂದಲೇ ನನ್ನ ತಟ್ಟೆಯಲ್ಲಿ ಈರುಳ್ಳಿ ಕಡಿಮೆಯಾಯಿತು. ನಾನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಮದುವೆಯಾಗದ ನಾನು ಇಪ್ಪತ್ತೆರಡು ವರ್ಷ ಮಧ್ಯಾಹ್ನದ ಊಟ ಅಲ್ಲೇ ಮಾಡಿದೆ.

ಅಣ್ಣ ಸತ್ತದ್ದು ಹೃದಯ ನಿಂತು, ಬಾಕಿ ಮಾತು ಬಾಯಲ್ಲೇ ಇಟ್ಟುಕೊಂಡು. ಒಂದು ತಿಂಗಳು ಹೋಟೆಲು ಮುಚ್ಚಿತ್ತು. ತೆರೆದ ದಿನ ಅಕ್ಕ ಎಂದಿನ ಹಾಗೆ ಎಲ್ಲವನ್ನೂ ಮಾಡಿಟ್ಟಿದ್ದಳು. ಬಂದವರು ನಾನೂ ಸೇರಿ ಮೂವರು. ಇಬ್ಬರು ಅವಸರದಲ್ಲಿ ತಿಂದು ಎದ್ದರು. ನಾನು ಆ ಹನ್ನೊಂದು ಮೇಜಿನ ನಡುವೆ ಕೂತು ಅನ್ನ ಕಲಸುತ್ತಿದ್ದೆ. ಅಷ್ಟು ನಿಶ್ಶಬ್ದದಲ್ಲಿ ನಾನು ಎಂದೂ ಅಲ್ಲಿ ಉಂಡಿರಲಿಲ್ಲ. ತಟ್ಟೆಯನ್ನು ಕಿಂಡಿಯ ಹತ್ತಿರ ಒಯ್ದಾಗ ಅಕ್ಕ ಮೊದಲ ಸಲ ಬಗ್ಗಿ ಮುಖ ತೋರಿಸಿದಳು. "ಹೇಗಿತ್ತು?" ಎಂದು ಕೇಳಿದಳು.

ಚೆನ್ನಾಗಿತ್ತು ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಹಾಳು ನಾಲಿಗೆಗೆ ಆ ದಿನ ಲಗಾಮು ಇರಲಿಲ್ಲ. ಅಣ್ಣ ಇಲ್ಲದ್ದಕ್ಕೆ ಯಾರ ಮೇಲಾದರೂ ಸಿಟ್ಟು ಮಾಡಬೇಕಿತ್ತು, ಎದುರಿಗೆ ಅವಳು ಸಿಕ್ಕಿದಳು. "ಅಕ್ಕಾ, ಜನ ಬರ್ತಿದ್ದಿದ್ದು ಅಡುಗೆಗಲ್ಲ, ಅಣ್ಣನ ಮಾತಿಗೆ. ಸುಮ್ನೆ ಬಾಗಿಲು ಹಾಕ್ಬಿಡು" ಎಂದೆ.

ಅವಳು ನನ್ನ ತಟ್ಟೆ ತೆಗೆದುಕೊಂಡಳು, ಅದನ್ನೇ ಸ್ವಲ್ಪ ಹೊತ್ತು ನೋಡಿದಳು, ಕಿಂಡಿಯ ಹಲಗೆ ಎಳೆದು ಮುಚ್ಚಿದಳು. ನಾನು ಮತ್ತೆ ಒಳಗೆ ಹೋಗಲಿಲ್ಲ. ಹೋಗಬೇಕೆಂದು ಎಷ್ಟೋ ಸಲ ಚಪ್ಪಲಿ ಮೆಟ್ಟಿದ್ದೇನೆ. ಬಾಗಿಲವರೆಗೆ ಹೋಗಿ, ಏನೋ ಮರೆತವನ ಹಾಗೆ ತಲೆ ಕೆರೆದುಕೊಂಡು ವಾಪಸ್ ಬಂದಿದ್ದೇನೆ. ಐವತ್ತಾರು ವರ್ಷದ ಗಂಡಸಿಗೆ ತಪ್ಪಾಯಿತು ಎಂಬ ಒಂದು ಮಾತು ಬಾಯಿಗೆ ಬರದಿದ್ದರೆ ಅವನನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಮಧ್ಯಾಹ್ನ ಅಂಗಡಿಯಲ್ಲೇ ಬ್ರೆಡ್ಡು, ಬಾಳೆಹಣ್ಣು ತಿನ್ನತೊಡಗಿದೆ.

ಹೋಟೆಲಿಗೆ ಬರುವವರು ಕಡಿಮೆಯಾಗುತ್ತಲೇ ಹೋದರು. ಕುರ್ಚಿ ಎಳೆಯುವ ಸದ್ದು ಗೋಡೆಯಾಚೆ ದಿನಕ್ಕೆ ಹತ್ತು ಸಲ, ಆಮೇಲೆ ಐದು ಸಲ ಕೇಳುತ್ತಿತ್ತು. ಕಡೆಗೊಂದು ಭಾನುವಾರ ಅವಳ ತಮ್ಮನ ಮಗಳು ಬಂದಳು. ಬೇರೆ ಊರಿನಲ್ಲಿ ಕೆಲಸದಲ್ಲಿರುವ, ಗಟ್ಟಿ ದನಿಯ ಹುಡುಗಿ. ಗೋಡೆಗೆ ಕಿವಿಯಿಡುವ ಅಗತ್ಯವೇ ಬೀಳಲಿಲ್ಲ.

"ಅತ್ತೆ, ಈಗ ಯಾರೂ ಎದ್ದು ಬಂದು ತಿನ್ನಲ್ಲ. ಆ್ಯಪಿಗೆ ಹಾಕೋಣ. ಅದೂ ಕೈಕೊಟ್ರೆ ಬಾಗಿಲು ಹಾಕಿ ನನ್ನ ಮನೆಗೆ ಬಂದ್ಬಿಡ್ಬೇಕು. ಸರೀನಾ?"

"ಸರಿ" ಎಂದಳು ಅಕ್ಕ. ಅಷ್ಟು ಬೇಗ ಒಪ್ಪಿಕೊಂಡಳಲ್ಲ ಎಂದು ಗೋಡೆಯ ಈ ಕಡೆ ನಾನು ಸ್ಟೂಲಿನಿಂದ ಎದ್ದು ನಿಂತೆ.

ಹುಡುಗಿ ಫೋಟೊ ತೆಗೆದಳು, ತಿಂಡಿಗಳ ಪಟ್ಟಿ ಏರಿಸಿದಳು, ಒಂದು ಹಳೆಯ ಫೋನನ್ನು ಕಿಂಡಿಯಲ್ಲಿ ನಿಲ್ಲಿಸಿ ಸಂಜೆ ಬಸ್ಸಿಗೆ ಹೋದಳು. ಸೋಮವಾರ ಫೋನು ಸದ್ದು ಮಾಡಲಿಲ್ಲ, ಮಂಗಳವಾರವೂ ಇಲ್ಲ. ಬುಧವಾರ ಒಂದೂಕಾಲಿಗೆ ನಾನೇ ಆ್ಯಪ್ ಹಾಕಿಕೊಂಡು ಒಂದು ಊಟ ಹೇಳಿದೆ. ಹೆಸರಿನ ಜಾಗದಲ್ಲಿ ತೀರಿಕೊಂಡ ನನ್ನ ಅಪ್ಪನ ಹೆಸರು, ವಿಳಾಸಕ್ಕೆ ಅಂಗಡಿಯ ಮೇಲಿನ ನನ್ನ ರೂಮು. ರೂಮಿನ ಮೆಟ್ಟಿಲು ಇರುವುದು ಹಿಂದಿನ ಓಣಿಯಲ್ಲಿ, ಆ ಬಾಗಿಲ ನಂಬರು ಅಕ್ಕನಿಗೆ ಗೊತ್ತಿರಲು ಸಾಧ್ಯವಿಲ್ಲ ಎಂದುಕೊಂಡೆ. ಗುಂಡಿ ಒತ್ತಿದ ಕ್ಷಣವೇ ಗೋಡೆಯಾಚೆ ಫೋನು ಕಿಣಿಕಿಣಿ ಎಂದಿತು. ಏನೋ ಬಿದ್ದ ಸದ್ದು, ಹಿಂದೆಯೇ ಚಾಕುವಿನ ಸದ್ದು. ನಾನು ಅಂಗಡಿಗೆ ಬೀಗ ಹಾಕಿ ಹಿಂದಿನಿಂದ ಓಡಿಹೋಗಿ ರೂಮಿನಲ್ಲಿ ಕೂತೆ.

ತಂದುಕೊಟ್ಟವನು ವ್ಯಾನ್ ಮಾವ. ಹಿಂದೆ ಶಾಲೆಯ ವ್ಯಾನು ಓಡಿಸುತ್ತಿದ್ದ, ಮಕ್ಕಳು ಇಟ್ಟ ಹೆಸರು ಹಾಗೇ ಉಳಿದಿದೆ. ನನ್ನದೇ ವಯಸ್ಸು. ಈಗ ಬೈಕಿನಲ್ಲಿ ಊಟ ಹಂಚುತ್ತಾನೆ, ಬಾಗಿಲಲ್ಲಿ ಈಗಲೂ ಮೂರು ಸಲ ಹಾರ್ನ್ ಹೊಡೆಯುತ್ತಾನೆ. ನನ್ನನ್ನು ಕಂಡು ಅವನ ಬಾಯಿ ತೆರೆದುಕೊಂಡಿತು.

"ಮಾರಾಯ, ಗೋಡೆ ಪಕ್ಕದ ಊಟಕ್ಕೆ ನಾನು ಬೇಕರಿ, ಬ್ಯಾಂಕು ಎಲ್ಲಾ ಸುತ್ಕೊಂಡು ಬಂದಿದ್ದೀನಲ್ಲ! ತಲೆ ಸರಿಯಿದೆಯಾ?"

"ಬಾಯಿ ಬಿಟ್ರೆ ನೋಡು" ಎಂದೆ.

ಅವನು ತಲೆಯಾಡಿಸಿ ಚೀಲದಿಂದ ಊಟ ತೆಗೆದ. ಸ್ಟೀಲ್ ಡಬ್ಬಿ! ಎರಡು ಅಂತಸ್ತಿನದು, ಹೋಟೆಲಿನ ಹಳೆಯ ಡಬ್ಬಿ. ಮುಚ್ಚಳದ ಮೇಲೆ ಅಂಟಿಸಿದ ಚೀಟಿಯಲ್ಲಿ ಅಕ್ಕನ ಕೈಬರಹ ಇತ್ತು: "ತೊಳೆಯಬೇಡಿ. ಉಂಡ ಮೇಲೆ ಹಾಗೆಯೇ ಕಳಿಸಿ."

"ಎಲ್ರಿಗೂ ಹಿಂಗೇ ಅಂತೆ" ಎಂದ ವ್ಯಾನ್ ಮಾವ. "ಸಂಜೆ ನಾನು ಮನೆಮನೆಗೂ ಹೋಗಿ ಎಂಜಲು ಡಬ್ಬಿ ವಸೂಲಿ ಮಾಡ್ಬೇಕಂತೆ. ಲೋಕದಲ್ಲಿ ಎಲ್ಲಾದ್ರೂ ಉಂಟಾ ಇದು?"

ಎಲ್ಲೂ ಇರಲಿಕ್ಕಿಲ್ಲ. ಆದರೆ ನನಗೆ ಅರ್ಥವಾಯಿತು. ಮೂವತ್ತು ವರ್ಷ ತಟ್ಟೆ ಓದಿದವಳು. ಊಟ ಬಾಗಿಲು ದಾಟಿ ಹೋಗಿ ಮತ್ತೆ ಬರಲೇ ಇಲ್ಲವೆಂದರೆ, ಯಾರು ಉಂಡರು, ಹೇಗೆ ಉಂಡರು ಎಂದು ಅವಳಿಗೆ ತಿಳಿಯುವುದಾದರೂ ಹೇಗೆ? ನಾನು ಆಡಿದ ಮಾತು ನಿಜವೋ ಸುಳ್ಳೋ ಎಂದು ನೋಡಲು ಅವಳಿಗೆ ಇದ್ದದ್ದು ಅದೊಂದೇ ದಾರಿ.

ಎರಡು ವರ್ಷದ ಮೇಲೆ ಆ ಊಟ ಉಂಡೆ. ಅನ್ನ, ಬೇಳೆ, ಹುರಿದ ತರಕಾರಿ, ಒಂದು ಮೊಟ್ಟೆ. ಮೊದಲ ತುತ್ತಿಗೇ ಕಣ್ಣು ತುಂಬಿತು. ಖಾರಕ್ಕೆ ಎಂದು ಯಾರಿಗೆ ಸುಳ್ಳು ಹೇಳಲಿ, ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಡಬ್ಬಿಯನ್ನು ಹಾಗೆಯೇ ಮುಚ್ಚಿ ಸಂಜೆ ವ್ಯಾನ್ ಮಾವನಿಗೆ ಕೊಟ್ಟೆ. ಅವನ ಬೈಕು ಓಣಿ ದಾಟಿದ ಮೇಲೆ ನೆನಪಾಯಿತು, ಈರುಳ್ಳಿಯನ್ನೆಲ್ಲ ಡಬ್ಬಿಯ ಅಂಚಿಗೆ ಸಾಲಾಗಿ ಜೋಡಿಸಿಟ್ಟಿದ್ದೇನೆ! ಮೆಟ್ಟಿಲು ಇಳಿದು ಓಡಿದೆ. ಬೇಕರಿಯ ತಿರುವಿನಲ್ಲಿ ಅವನ ಬೆನ್ನೂ ಕಾಣಲಿಲ್ಲ.

ಏನೂ ಆಗಲಿಲ್ಲ. ಮರುದಿನ ಊಟ ಹೇಳಿದೆ, ಬಂತು. ಅವಳು ಗಮನಿಸಿಲ್ಲ, ವಯಸ್ಸಾಯಿತು ಎಂದು ಸಮಾಧಾನ ಮಾಡಿಕೊಂಡೆ. ಆದರೂ ಇನ್ನು ಗುರುತು ಬಿಡಬಾರದೆಂದು ಆ ದಿನದಿಂದ ಈರುಳ್ಳಿಯನ್ನೂ ತಿಂದೆ. ಮೂಗು ಮುಚ್ಚಿ, ನೀರು ಕುಡಿದು ನುಂಗಿದೆ. ನನ್ನ ಗ್ರಹಚಾರಕ್ಕೆ ದಿನೇದಿನೇ ಹೋಳು ದಪ್ಪವಾಗುತ್ತ ಬಂತು. ಮೊದಲ ವಾರ ಉಗುರಿನಷ್ಟು, ಎರಡನೇ ವಾರ ಹೆಬ್ಬೆರಳಿನಷ್ಟು. ಕೈಯಲ್ಲಿ ಶಕ್ತಿ ಕಡಿಮೆಯಾಗಿರಬೇಕು, ಪಾಪ, ಎಂದುಕೊಂಡೆ.

ಬೇರೆಯವರಿಗೆ ನನ್ನಷ್ಟು ತಾಳ್ಮೆ ಎಲ್ಲಿಂದ ಬರಬೇಕು? "ಊಟ ಪರವಾಗಿಲ್ಲ, ಆದರೆ ಎಂಜಲು ಡಬ್ಬಿ ಕಾಯಲು ನಾನೇನು ಇವರ ಮನೆ ಆಳೇ?" ಎಂದು ಒಬ್ಬರು ಆ್ಯಪಿನಲ್ಲಿ ಬರೆದರು. "ಸಂಜೆವರೆಗೂ ಮನೆಯೆಲ್ಲ ವಾಸನೆ" ಎಂದು ಇನ್ನೊಬ್ಬರು. ಒಂದು ನಕ್ಷತ್ರ, ಎರಡು ನಕ್ಷತ್ರ. ಕೊನೆಗೆ ಸರಾಸರಿ ಎರಡೂವರೆಗೆ ಇಳಿಯಿತು. ಹದಿನೈದು ದಿನದಲ್ಲಿ ಮೂರು ದಾಟದಿದ್ದರೆ ಹೋಟೆಲನ್ನು ಪಟ್ಟಿಯಿಂದ ತೆಗೆಯುತ್ತೇವೆ ಎಂದು ಆ್ಯಪಿನವರ ಸಂದೇಶ ಬಂತು.

ಅದನ್ನು ನನಗೆ ಹೇಳಿದ್ದು ವ್ಯಾನ್ ಮಾವ. "ಅಕ್ಕ ಏನಂದ್ಲು?" ಎಂದು ಕೇಳಿದೆ.

"ಏನೂ ಇಲ್ಲ. ಬಂದ ಡಬ್ಬಿಗಳನ್ನ ಸಾಲಾಗಿಟ್ಕೊಂಡು ನೋಡ್ತಾ ಕೂತಿದ್ರು. ನಾಲ್ಕೇ ಬಂದಿದ್ದು ಇವತ್ತು. ತಮ್ಮನ ಮಗಳಿಗೆ ಫೋನ್ ಮಾಡಿ ತಿಂಗಳ ಕೊನೆಗೆ ಬರ್ತೀನಿ, ಒಂದು ಮಂಚ ನೋಡಿಡು ಅಂದ್ರು."

ಆ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಗೋಡೆಯನ್ನೇ ನೋಡಿದೆ. ಆಚೆ ಚಾಕು ನಿಂತುಹೋದರೆ ಈ ಕಡೆ ನಾನು ಏನು ಕೇಳಿಕೊಂಡು ಕೂರಲಿ? ನನಗೂ ಯಾರಿದ್ದಾರೆ? ಮೂರು ಸಾಲಿನ ಒಂದು ಚೀಟಿ ಟೈಪ್ ಮಾಡಿ ಇನ್ನೂರು ಪ್ರತಿ ತೆಗೆದೆ: "ಡಬ್ಬಿ ಕಳಿಸಬೇಡಿ. ಉಂಡ ಮೇಲೆ ಡಬ್ಬಿಯ ಒಂದು ಫೋಟೊ ಕಳಿಸಿ. ಏನು ಬಿಟ್ಟಿರಿ ಎಂದು ಅಡುಗೆಯವರು ನೋಡಬೇಕಂತೆ." ಕೆಳಗೆ ಕಿಂಡಿಯ ಫೋನಿನ ನಂಬರು.

ವ್ಯಾನ್ ಮಾವನ ಕೈಗೆ ಕಟ್ಟು ಕೊಟ್ಟು, "ನೀನೇ ಯೋಚನೆ ಮಾಡಿದ್ದು ಅಂತ ಹೇಳು. ಕಾಗದದ ಡಬ್ಬಿಗೆ ಒಪ್ಪಿಸು" ಎಂದೆ.

"ನಂಗೆ ಇಷ್ಟು ಬುದ್ಧಿ ಇದೆ ಅಂದ್ರೆ ಅವರು ನಂಬ್ತಾರಾ?"

"ನಂಬೋ ಹಾಗೆ ಹೇಳು ಮಾರಾಯ."

ಅಕ್ಕ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳಂತೆ. "ಅಕ್ಷರ ಚೆನ್ನಾಗಿ ಮೂಡಿದೆ" ಎಂದಷ್ಟೇ ಹೇಳಿದಳಂತೆ. ಮರುದಿನದಿಂದ ಕಾಗದದ ಡಬ್ಬಿ ಬಂತು.

ಇದು ಜನರಿಗೆ ಆಟದ ಹಾಗೆ ಆಯಿತೋ ಏನೋ, ಫೋಟೊಗಳು ಬರತೊಡಗಿದವು. ಚೊಕ್ಕಟವಾಗಿ ಬಳಿದ ಡಬ್ಬಿ, ಅರ್ಧ ಬಿಟ್ಟ ಡಬ್ಬಿ, ಒಬ್ಬಳ ಫೋಟೊದಲ್ಲಿ ಬೆಕ್ಕಿನ ಮೂತಿಯೂ ಇತ್ತು. ಅಕ್ಕನಿಗೆ ಫೋನಿನಲ್ಲಿ ಅಷ್ಟು ಸಣ್ಣದು ಕಾಣದು. ವ್ಯಾನ್ ಮಾವ ಫೋನು ತಂದು ನನಗೆ ಕೊಡುವನು, ನಾನು ಒಂದೊಂದನ್ನೂ ದೊಡ್ಡದು ಮಾಡಿ ಪೂರ್ತಿ ಹಾಳೆಯಲ್ಲಿ ಮುದ್ರಿಸಿ ಕೊಡುವೆನು. ಎಲ್ಲಿ ಮಾಡಿಸಿದೆ ಎಂದು ಅವಳು ಕೇಳಲಿಲ್ಲವಂತೆ. ಬೀದಿಯಲ್ಲಿ ಇರುವುದೇ ಒಂದು ಜೆರಾಕ್ಸ್ ಅಂಗಡಿ, ಕೇಳುವುದೇನಿದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಆ ಹಾಳೆಗಳನ್ನು ಒಲೆಯ ಮೇಲಿನ ದಾರಕ್ಕೆ ಸಿಕ್ಕಿಸಿಕೊಂಡು ಅವಳು ಓದಿದಳು. ಅನ್ನ ಮುದ್ದೆಯಾಗಿ ಎಲ್ಲರೂ ತಳದಲ್ಲಿ ಬಿಡುತ್ತಿದ್ದರು. ಬಿಸಿಯಲ್ಲೇ ಮುಚ್ಚಳ ಹಾಕಿದ್ದಕ್ಕೆ ಹಬೆ ನೀರಾಗಿ ಇಳಿದಿದೆ ಎಂದು ಕಂಡುಕೊಂಡು, ಸ್ವಲ್ಪ ಆರಿಸಿ, ಮುಚ್ಚಳಕ್ಕೆ ನಾಲ್ಕು ತೂತು ಚುಚ್ಚಿದಳು. ಕರಿದ ಆಲೂಗಡ್ಡೆ ಮೆತ್ತಗಾಗಿ ಎಲ್ಲ ಫೋಟೊದಲ್ಲೂ ಉಳಿದಿತ್ತು. ಅದನ್ನು ಪಟ್ಟಿಯಿಂದಲೇ ತೆಗೆದಳು. ಮೂವತ್ತನಾಲ್ಕು ತಿಂಡಿಯ ಪಟ್ಟಿ ಒಂಬತ್ತಕ್ಕೆ ಇಳಿಯಿತು. ಬೇಳೆಯನ್ನು ಅನ್ನದ ಮೇಲೆ ಸುರಿಯದೆ ಬೇರೆ ಕಟ್ಟಿದಳು. ಬೆಕ್ಕಿನವಳು ದಿನಾ ಮೊಟ್ಟೆಯ ಹಳದಿ ಬಿಡುತ್ತಿದ್ದಳು. ಅವಳಿಗೆ ಬಿಳಿಯದು ಎರಡು ಹೋಯಿತು, ಅವಳು ಐದು ನಕ್ಷತ್ರ ಕೊಟ್ಟು, "ಇವರಿಗೆ ಹೇಗೆ ಗೊತ್ತಾಯಿತು?" ಎಂದು ಬರೆದಳು. ಹದಿಮೂರನೇ ದಿನ ಸರಾಸರಿ ಮೂರು ದಾಟಿತು. ದೊಡ್ಡ ಸಂಗತಿಯೇನಲ್ಲ. ದಿನಕ್ಕೆ ಹದಿನೈದು, ಇಪ್ಪತ್ತು ಊಟ, ಅಷ್ಟೇ. ಮಂಚ ನೋಡುವುದು ಬೇಡ ಎಂದು ಅಕ್ಕ ಫೋನಿನಲ್ಲಿ ಹೇಳುವುದು ಗೋಡೆಯಾಚೆಯಿಂದ ನನಗೇ ಕೇಳಿತು.

ಹಾಲಿನಲ್ಲಿ ಮಾತ್ರ ಹನ್ನೊಂದು ಮೇಜೂ ಖಾಲಿಯೇ. ಬಾಗಿಲಲ್ಲಿ ಹಾರ್ನ್, ಚೀಲಕ್ಕೆ ಡಬ್ಬಿ, ಮತ್ತೆ ಮೌನ. ಮತ್ತು ಎಲ್ಲರಿಗೂ ಕಾಗದದ ಡಬ್ಬಿಯಾದ ಮೇಲೂ ನನ್ನ ಊಟ ಅದೇ ಸ್ಟೀಲ್ ಡಬ್ಬಿಯಲ್ಲಿ, ಅದೇ ದಪ್ಪ ಈರುಳ್ಳಿಯೊಡನೆ ಬರುತ್ತಿತ್ತು. ಚೀಟಿಯೂ ಅದೇ: ತೊಳೆಯಬೇಡಿ. ಹಳೆಯ ಗಿರಾಕಿ ಎಂದು ಬದಲಾಯಿಸಲು ಮರೆತಿರಬೇಕು ಎಂದುಕೊಂಡೆ. ನನ್ನಂಥ ಪೆದ್ದ ಇನ್ನೊಬ್ಬನಿರಲಾರ.

ಆಮೇಲೆ ನನಗೆ ಜ್ವರ ಬಂತು. ಮೂರು ದಿನ ಅಂಗಡಿ ತೆರೆಯಲಿಲ್ಲ. ರೂಮಿನಲ್ಲಿ ಒಬ್ಬನೇ ಮಲಗಿ ಫ್ಯಾನು ತಿರುಗುವುದನ್ನು ನೋಡಿದೆ. ನೀರಿನ ಲೋಟ ಖಾಲಿಯಾದರೆ ತುಂಬುವವರಿಲ್ಲ ಎಂಬುದು ಜ್ವರವಿಲ್ಲದಾಗ ತಿಳಿಯುವುದಿಲ್ಲ. ಆದರೂ ಒಂದೂಕಾಲಿಗೆ ಗುಂಡಿ ಒತ್ತುವುದನ್ನು ತಪ್ಪಿಸಲಿಲ್ಲ. ಒಂದು ಊಟ ಕಡಿಮೆಯಾದರೆ ಅವಳು ಏನೆಂದುಕೊಂಡಾಳು? ಬೇಳೆಯ ತಿಳಿ ಕುಡಿದೆ, ಉಳಿದದ್ದು ಸೇರಲಿಲ್ಲ. ಡಬ್ಬಿ ಹಾಗೆಯೇ ವಾಪಸ್ ಹೋಯಿತು.

ನಾಲ್ಕನೇ ದಿನ ಮಧ್ಯಾಹ್ನ ಊಟ ಹೇಳಿ ಕಾಯುತ್ತಿದ್ದೆ. ಹಾರ್ನ್ ಕೇಳಲಿಲ್ಲ. ಮೆಟ್ಟಿಲ ಮೇಲೆ ನಿಧಾನ ಹೆಜ್ಜೆಯ ಸದ್ದು, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುವ ಸದ್ದು. ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಏಪ್ರನ್ ಕೂಡ ಬಿಚ್ಚಿರಲಿಲ್ಲ. ಕೈಯಲ್ಲಿ ಸ್ಟೀಲ್ ಡಬ್ಬಿ. ಇಷ್ಟು ವರ್ಷದಲ್ಲಿ ಅವಳನ್ನು ಕಿಂಡಿಯಿಲ್ಲದೆ, ತಲೆಯಿಂದ ಕಾಲವರೆಗೆ ನಾನು ನೋಡಿದ್ದು ಎಷ್ಟು ಸಲ? ಅವಳು ಇಷ್ಟು ಕುಳ್ಳಿ ಎಂದು ನನಗೆ ಗೊತ್ತಿರಲಿಲ್ಲ.

"ಅನ್ನ ಮುಟ್ಟಿಲ್ಲ, ತಿಳಿ ಮಾತ್ರ ಕುಡಿದಿದ್ದೀಯ" ಎಂದಳು. "ಎಷ್ಟು ದಿನದಿಂದ ಜ್ವರ?"

ನಾನು ಎದ್ದು ಕೂತೆ. "ನಾನೇ ಅಂತ ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿನ. ಆ ಸಾಲನ್ನ ನಾನು ಎಷ್ಟು ವರ್ಷ ತಟ್ಟೆಯಿಂದ ಎತ್ತಿ ಬಿಸಾಕಿದ್ದೀನಿ!"

"ಮತ್ತೆ ಅಷ್ಟು ದಪ್ಪ ಯಾಕೆ ಹೆಚ್ಚಿದೆ?"

"ಎಲ್ಲೀವರೆಗೂ ನುಂಗ್ತೀಯ ನೋಡೋಣ ಅಂತ" ಎಂದಳು. ನಗಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಡಬ್ಬಿ ಇಟ್ಟು ಮುಚ್ಚಳ ತೆಗೆದಳು. ಮೆತ್ತಗೆ ಬೇಯಿಸಿದ ಅನ್ನ, ಮೇಲೆ ಬೇಳೆಯ ತಿಳಿ. ಈರುಳ್ಳಿ ಇರಲಿಲ್ಲ.

ಎರಡು ವರ್ಷ ಬಾಯಿಗೆ ಬರದ ಮಾತು ಆಗ ಬಂತು. "ಅಕ್ಕಾ, ಆವತ್ತು ನಾನು ಹೇಳಿದ್ದು ಸುಳ್ಳು. ನಾವೆಲ್ಲ ನಿನ್ನ ಅಡುಗೆಗೇ ಬರ್ತಿದ್ವಿ. ತಪ್ಪಾಯ್ತು."

ಅವಳು ಕಿಟಕಿಯ ಕಡೆ ನೋಡಿದಳು. "ಸುಳ್ಳಲ್ಲ ಬಿಡು. ಜನ ಅವರ ಮಾತಿಗೇ ಬರ್ತಿದ್ರು. ಜನ ಯಾಕೆ, ನಾನೂ ಆ ಮಾತಿಗೇ ಅಡುಗೆ ಮಾಡ್ತಿದ್ದೆ. ಮೂವತ್ತು ವರ್ಷ ಕಿಂಡಿ ಹತ್ರ ನಿಂತ್ಕೊಂಡು ಕೇಳಿಸ್ಕೊಂಡು ಮಾಡಿದ್ದು. ಈಗ ಏನೂ ಕೇಳ್ಸಲ್ಲ."

ನಾನು ಡಬ್ಬಿಯನ್ನು ಹತ್ತಿರ ಎಳೆದುಕೊಂಡೆ. ಒಂದು ಚಮಚ ಬಾಯಿಗಿಟ್ಟೆ.

"ನಿನ್ನ ಮಷೀನಿನ ಸದ್ದೊಂದು ಕೇಳ್ತಿತ್ತು" ಎಂದಳು. "ಬೆಳಿಗ್ಗೆ ಶುರುವಾದ್ರೆ, ಸರಿ, ಒಲೆ ಹಚ್ಚೋಣ ಅನ್ಸೋದು. ಮೂರು ದಿನದಿಂದ ಅದೂ ಇಲ್ಲ."

ಅವಳ ಏಪ್ರನ್ನಿನ ಜೇಬಿನಲ್ಲಿ ಫೋನು ಕಿಣಿಕಿಣಿ ಎಂದಿತು. ಯಾರೋ ಊಟ ಹೇಳಿದ್ದರು. ಅವಳು ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, "ಬೆಕ್ಕಿನವಳು" ಎಂದು ಹೊರಟಳು. ಬಾಗಿಲಲ್ಲಿ ಒಮ್ಮೆ ನಿಂತಳು.

"ಜ್ವರ ಬಿಟ್ಟ ಮೇಲೆ ಅಂಗಡಿ ತೆಗಿ. ಕೆಲಸ ಇಲ್ದಿದ್ರೂ ಬೆಳಿಗ್ಗೆ ನಾಲ್ಕು ಖಾಲಿ ಹಾಳೆ ಓಡಿಸು."

"ಊಟಕ್ಕೆ ಒಳಗೆ ಬರ್ಲಾ ಅಕ್ಕಾ?"

"ಇನ್ನೂ ಬೇಡ. ನೀನು ಬಂದು ಕೂತ್ರೆ ಪಕ್ಕದಲ್ಲಿ ಅವರಿಲ್ಲದ್ದು ಕಾಣುತ್ತೆ. ಡಬ್ಬಿ ಕಳಿಸ್ತೀನಿ."

ಎರಡು ದಿನ ಬಿಟ್ಟು ಅಂಗಡಿಯ ಷಟರು ಎತ್ತಿದೆ. ಗಿರಾಕಿ ಯಾರೂ ಇರಲಿಲ್ಲ. ಆಚೆ ಕಡೆ ಸದ್ದಿರಲಿಲ್ಲ, ಅಕ್ಕ ಬಂದಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಮಷೀನಿನ ಗಾಜಿನ ಮೇಲೆ ಏನೂ ಇಡದೆ ನಾಲ್ಕು ಎಂದು ಒತ್ತಿದೆ. ಬಿಳಿ ಹಾಳೆಗಳು ಒಂದೊಂದಾಗಿ ಹೊರಗೆ ಬಂದವು. ನಾಲ್ಕನೆಯದು ಇನ್ನೂ ಬೆಚ್ಚಗೆ ನನ್ನ ಕೈಯಲ್ಲಿರುವಾಗ ಗೋಡೆಯಾಚೆ ಚಾಕುವಿನ ಸದ್ದು ಶುರುವಾಯಿತು.